ಬಾನೆಟ್ ಮೇಲಿನ ಲೋಟ

"ಎರಡು ಲೋಟ ನೀರು ತಗೊಂಡು ಬಾರಮ್ಮ, ಇವತ್ತು ನಿಮ್ಮ ಮಾವನ ಜಂಬ ಇಳಿಸಿಬಿಡ್ತೀನಿ!" ಎಂದು ಅಪ್ಪ ಅಂಗಳದಿಂದ ಕೂಗಿದಾಗ ಮಗಳಿಗೆ ದಿಗಿಲಾಯಿತು.

ಹೊರಗೆ ಎರಡು ಹಳೆಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರುಗಳು ಕೋಳಿ ಜಗಳಕ್ಕೆ ಬಂದಂತೆ ಮುಖಾಮುಖಿ ನಿಂತಿದ್ದವು. ಕೆಂಪು ಟ್ರಯಂಫ್ ಅಪ್ಪನದು, ಹಸಿರು ಎಂಜಿ ಸೋದರಮಾವನದು. ಯಾವುದು ಹೆಚ್ಚು ಎಂಬ ಭಾವ-ಭಾಮೈದರ ವಾದಕ್ಕೆ ಮಗಳಷ್ಟೇ ವಯಸ್ಸು.

"ನನ್ನ ಎಂಜಿ ತಿರುವಿನಲ್ಲಿ ಹೇಳಿದ ಮಾತು ಕೇಳುತ್ತೆ ಭಾವ. ನಿಮ್ಮ ಟ್ರಯಂಫ್ ಎದುರುತ್ತರ ಕೊಡುತ್ತೆ."

"ಎದುರುತ್ತರ ಕೊಡೋಕೂ ದಮ್ಮು ಬೇಕು ಕಣಯ್ಯ. ಏರು ಬರಲಿ, ಆಗ ಗೊತ್ತಾಗುತ್ತೆ."

"ನನ್ನ ಎಂಜಿಯ ಬಾನೆಟ್ಟನ್ನ ನಾನು ಬಿಟ್ಟು ಬೇರೆ ಯಾರೂ ಎತ್ತಿಲ್ಲ. ಅದು ಗೊತ್ತಿರಲಿ!"

ಇವತ್ತಿನ ಪಂದ್ಯ ಇಷ್ಟೇ: ಇಂಜಿನ್ ಓಡುವಾಗ ಬಾನೆಟ್ ಮೇಲಿಟ್ಟ ನೀರಿನ ಲೋಟ ಯಾರದು ತುಳುಕುವುದಿಲ್ಲವೋ ಅವರ ಕಾರು ನಾಳೆಯ ಹಳೇ ಕಾರುಗಳ ಮೆರವಣಿಗೆಯಲ್ಲಿ ಮುಂದೆ. ಲೋಟ ಅಲುಗದಿರಬೇಕಾದರೆ ಇಂಜಿನ್‌ಗೆ ಗಾಳಿ, ಪೆಟ್ರೋಲು ಬೆರೆಸಿ ಕೊಡುವ ಎರಡು ಕಾರ್ಬ್ಯುರೇಟರುಗಳೂ ಸಮನಾಗಿ ಗಾಳಿ ಎಳೆಯಬೇಕು. ಅದನ್ನು ರಬ್ಬರ್ ಕೊಳವೆಯ ಒಂದು ತುದಿಯನ್ನು ಅವುಗಳ ಬಾಯಿಗೆ, ಇನ್ನೊಂದನ್ನು ಕಿವಿಗಿಟ್ಟುಕೊಂಡು, ಸದ್ದು ಆಲಿಸುತ್ತ ಸ್ಕ್ರೂ ತಿರುಗಿಸಿ ಹೊಂದಿಸಬೇಕು. ಅಪ್ಪನ ಕಿವಿ ಮಂದವಾಗಿದೆಯೆಂದು ಮಗಳಿಗೆ ಗೊತ್ತಾಗಿ ವರ್ಷವೇ ಆಗಿತ್ತು. ಅವರು ಊಟ ಮಾಡಿ ಮಲಗಿದಾಗ ಅವರಿಗೆ ತಿಳಿಯದಂತೆ ಅವಳೇ ಎಲ್ಲವನ್ನೂ ಸರಿಮಾಡಿಡುತ್ತಿದ್ದಳು. ಆದರೆ ಇವತ್ತು ಬೆಳಗ್ಗೆ ಅಪ್ಪ ಮತ್ತೆ ಸ್ಕ್ರೂಡ್ರೈವರ್ ಹಿಡಿದು ಬಾನೆಟ್ ಕೆಳಗೆ ತಲೆ ತೂರಿಸಿದ್ದನ್ನು ಅವಳೇ ಕಂಡಿದ್ದಳು. ಸರಿಮಾಡಲು ಸಮಯ ಸಿಕ್ಕಿರಲಿಲ್ಲ. ಮಾವನ ಎದುರು ಅಪ್ಪನ ಮಾನ ಹೋಗುವುದು ಖಂಡಿತ.

ಎರಡೂ ಇಂಜಿನ್‌ಗಳು ಗುಡುಗಿದವು. ಎಂಜಿಯ ಲೋಟ ಮೊದಲು ಸಣ್ಣಗೆ ನಡುಗಿತು, ಆಮೇಲೆ ತುಳುಕಿ ಹಸಿರು ಬಣ್ಣದ ಮೇಲೆ ನೀರು ಗೆರೆ ಎಳೆಯಿತು. ಟ್ರಯಂಫ್ ಮೇಲಿನ ಲೋಟದಿಂದ ಒಂದು ಹನಿಯೂ ಚೆಲ್ಲಲಿಲ್ಲ. ಮಗಳು ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದಳು.

ಮಾವ ಸಪ್ಪಗಾದರು. "ಒಪ್ಪಿದೆ ಭಾವ. ನಿಮ್ಮ ಕೈಗೆ, ಕಿವಿಗೆ ಸಾಟಿಯಿಲ್ಲ."

"ನನ್ನ ಕಿವಿಯಾ? ಅದು ಕೈ ಕೊಟ್ಟು ವರ್ಷ ಆಯ್ತು. ಕಾರು ಮಾತ್ರ ದಿನೇ ದಿನೇ ಚೆನ್ನಾಗ್ತಾ ಬಂತು. ಅದೇನು ತನ್ನಷ್ಟಕ್ಕೆ ತಾನೇ ರಿಪೇರಿ ಆಗುತ್ತೇನಯ್ಯಾ?" ಅಪ್ಪ ಮಗಳ ಹೆಗಲ ಮೇಲೆ ಕೈಯಿಟ್ಟರು. "ಇವಳ ಕೆಲಸ ಇದು. ನನ್ನ ಮಗಳದು!"

ಅವಳು ಅಪ್ಪನ ಕಡೆ ತಿರುಗಿದಳು. "ಮತ್ತೆ ಬೆಳಗ್ಗೆ ನೀವು ಸ್ಕ್ರೂ ತಿರುಗಿಸ್ತಿದ್ರಲ್ಲಪ್ಪ?"

"ಮುಟ್ಟಲೇ ಇಲ್ಲ ಕಣೆ. ನೀನು ಮಾಡಿದ್ದನ್ನ ಕಣ್ತುಂಬಾ ನೋಡ್ತಾ ನಿಂತಿದ್ದೆ."

ಮಾವ ಹೋಗಿ, ಎಂಜಿಯ ಬಾನೆಟ್ ಎತ್ತಿ, ಸೋದರಸೊಸೆಗೆ ಜಾಗ ಬಿಟ್ಟು ಪಕ್ಕಕ್ಕೆ ನಿಂತರು.