ಒಂದೇ ತಂತಿಗೆ ಇಬ್ಬರು

ಬೆಲಾರ್ಮಿನೋ, ಎನೆಯ್ದಾ ದಂಪತಿಯ ಕಂಪ್ಯೂಟರಿನಲ್ಲಿ ಹಳೆಯ ಪ್ರೋಗ್ರಾಂ ಮತ್ತೆ ಆನ್ ಆಗಿತ್ತು. ನಿನ್ನೆಯಷ್ಟೇ ಆಫ್ ಮಾಡಿಹೋಗಿದ್ದ ಲಿಯೊದಾನ್‌ಗೆ ರೇಗಿತು. ಕಡಲತೀರದ ಕಾಯ್ಬರಿಯೆನ್‌ನ ಅರ್ಧ ಊರಿನ ಕಂಪ್ಯೂಟರ್ ರಿಪೇರಿ ಅವನದೇ. ಇದು ಯಂತ್ರದ ತಪ್ಪಲ್ಲ, ಮನೆಯೊಳಗಿನ ಯಾರದೋ ಕೈವಾಡ.

ಕಾಯಿಲೆಯೇನೋ ಸರಳ. ಲಿನಕ್ಸ್ ಹಾಕಿದ ಆ ಹಳೇ ಡಬ್ಬದಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಪ್ರೋಗ್ರಾಂ ಎರಡಿದ್ದವು, ಹಳೆಯದೊಂದು, ಹೊಸದೊಂದು. ಎರಡೂ ಒಟ್ಟಿಗೆ ಎದ್ದರೆ ಒಂದು ಜೋಡಿಸಿದ್ದನ್ನು ಇನ್ನೊಂದು ಕಿತ್ತುಹಾಕುತ್ತದೆ. ಸಂಪರ್ಕ ಅರೆಗಳಿಗೆಯೂ ಉಳಿಯುವುದಿಲ್ಲ. "ಇದೊಂದನ್ನ ಮಾತ್ರ ಆನ್ ಮಾಡ್ಬೇಡಿ" ಎಂದು ಅವನು ಗಂಡ ಹೆಂಡತಿ ಇಬ್ಬರಿಗೂ ತೋರಿಸಿಕೊಟ್ಟಿದ್ದ.

ಆ ಮನೆಗೆ ಸಂಪರ್ಕವೆಂದರೆ ಮಗ ಯೋಯೆಲ್. ಗೆಳೆಯನ ಜೊತೆ ಕಡಲು ದಾಟಿ ಫ್ಲಾರಿಡಾಗೆ ಹೊರಟ ಕಳ್ಳದೋಣಿ ಹತ್ತಿದವನು ಮನೆಯ ಒಂದೇ ಮೊಬೈಲನ್ನೂ ಒಯ್ದಿದ್ದ. ತಲುಪಿದ ಕೂಡಲೇ ಕಂಪ್ಯೂಟರಿಗೇ ಕರೆ ಮಾಡುತ್ತೇನೆಂದಿದ್ದ. ತಿಂಗಳಾಗಿತ್ತು.

"ದೊಡ್ಡಪ್ಪ, ಇದನ್ನ ಯಾರು ಮುಟ್ಟಿದ್ರು?"

ಬೆಲಾರ್ಮಿನೋ ಪರದೆಗೆ ಬೆನ್ನು ಹಾಕಿ ತೂಗುಕುರ್ಚಿಯಲ್ಲಿ ಕೂತಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದವರು. "ನಂಗೇನಪ್ಪ ಗೊತ್ತು ಇದ್ರ ತಲೆಬುಡ?"

"ಡಾಮಿನೋ ಆಡೋಕೂ ಬರ್ತಿಲ್ವಂತೆ?"

"ಮಂಡಿ ನೋವು."

ಅಡುಗೆಮನೆಯಲ್ಲಿ ಎನೆಯ್ದಾ ಬಟಾಣಿ ಪುಡಿ ಬೆರೆತ ಪಡಿತರದ ಕಾಫಿ ಕಾಸುತ್ತಿದ್ದರು. "ಸರಿಹೋಯ್ತಾ?" ಎಂದ ದನಿಯಲ್ಲಿ ಆಸೆಯಿರಲಿಲ್ಲ, ಭಯವಿತ್ತು.

"ಅದನ್ನ ಆನ್ ಮಾಡ್ತಿರೋದು ನೀವೇ ತಾನೆ, ದೊಡ್ಡಮ್ಮ? ಮಗನ ಕರೆಗೆ ದೊಡ್ಡಪ್ಪ ಹಗಲೂ ರಾತ್ರಿ ಕಾಯ್ತಾ ಇದ್ರೆ..."

"ಕೂಗ್ಬೇಡ ಕಣೋ!" ಒರೆಸುಬಟ್ಟೆಯನ್ನು ಬಾಯಿಗೆ ಒತ್ತಿಕೊಂಡರು. "ಬ್ರೆಡ್ ಕ್ಯೂನಲ್ಲಿ ಆ ಗೆಳೆಯನ ತಾಯಿ ಸಿಕ್ಕಿದ್ಲು. ದೋಣಿ ಮುಳುಗ್ತಂತೆ. ಅವಳ ಮಗ ಒಬ್ಬನೇ ಉಳಿದಿದಾನೆ. ನಮ್ಮ ಯೋಯೆಲ್..." ಒಲೆಯ ಉರಿ ತಗ್ಗಿಸಿದರು. "ಆ ಹುಡುಗ ಇಲ್ಲಿಗೆ ಕರೆ ಮಾಡಿ ತಾನೇ ಹೇಳ್ತಾನಂತೆ. ಇವರ ಹೃದಯ ಮೊದಲೇ ನೆಟ್ಟಗಿಲ್ಲ. ಕೇಳಿದ್ರೆ ಉಳೀತಾರಾ?"

ಲಿಯೊದಾನ್ ದನಿ ತಗ್ಗಿಸಿದ. ಯೋಯೆಲ್ ಅವನ ಜೊತೆ ಓದಿದವನು. ಗದರಿದ್ದಕ್ಕೆ ನಾಚಿಕೆಯಾಯಿತು.

"ಹಾಗಾದ್ರೆ ಅದು ಹಾಗೇ ಇರ್ಲಿ. ಇವತ್ತು ನೀವು ಆನ್ ಮಾಡಿದ್ದನ್ನ ನಾನು ಮುಟ್ಟಲ್ಲ."

"ಇವತ್ತಾ?" ಎನೆಯ್ದಾ ತಲೆಯೆತ್ತಿದರು. "ಇವತ್ತು ನಾನು ಆ ಕೋಣೆಗೇ ಹೋಗಿಲ್ಲ. ಬೆಳಗ್ಗೆಯಿಂದ ಅವರು ಅಲ್ಲಿಂದ ಎದ್ದೇ ಇಲ್ವಲ್ಲೋ."

ಲಿಯೊದಾನ್ ಚೀಲ ತರಲು ಕೋಣೆಗೆ ಮರಳಿದ. ಬೆಲಾರ್ಮಿನೋ ಅವನ ಮುಂಗೈ ಹಿಡಿದು ಹತ್ತಿರ ಎಳೆದುಕೊಂಡರು. ಅಡುಗೆಮನೆಯ ಕಡೆ ಒಮ್ಮೆ ನೋಡಿದರು.

"ಅದನ್ನ ಆಫ್ ಮಾಡ್ಬೇಡಪ್ಪ," ಎಂದರು ಪಿಸುದನಿಯಲ್ಲಿ. "ಡಾಮಿನೋ ಮೇಜಲ್ಲಿ ನಂಗೆ ದೋಣಿ ವಿಷ್ಯ ಎಲ್ಲಾ ಹೇಳಿದ್ರು. ಎನೆಯ್ದಾಗೆ ಗೊತ್ತಾದ್ರೆ ಅವಳು ಉಳಿಯಲ್ಲ."