ಅತ್ತೆಯ ಮಂಡಿ

"ಅಯ್ಯೋ ಅಮ್ಮಾ, ನನ್ನ ಮಂಡಿ!"

ಪಾರ್ಕಿನ ಗೇಟು ದಾಟಿ ನಾಲ್ಕು ಹೆಜ್ಜೆ ಹಾಕಿರಲಿಲ್ಲ, ಅತ್ತೆ ನಿಂತೇಬಿಟ್ಟರು. ಬಗ್ಗಿ ಶೂ ಲೇಸು ಬಿಗಿ ಮಾಡಿಕೊಳ್ಳುತ್ತಿದ್ದ ಅಳಿಯ ಹಲ್ಲು ಕಚ್ಚಿದ. ಒಳ್ಳೇ ಮಂಡಿ ಇದು! ತಾನು ಓಡಬೇಕು ಅಂದುಕೊಂಡಾಗಲೇ ಸರಿಯಾಗಿ ಹಿಡಿದುಕೊಳ್ಳುತ್ತದೆ.

"ಅತ್ತೆ, ನೀವು ಆ ಬೆಂಚಿನ ಮೇಲೆ ಕೂತಿರಿ. ನಾನು ಒಂದೇ ಒಂದು ಸುತ್ತು ಓಡಿ ಬಂದ್ಬಿಡ್ತೀನಿ. ಇವತ್ತು ಮೈ ಹಗುರವಾಗಿದೆ."

"ಓಡಿ, ಯಾರು ಬೇಡ ಅಂದ್ರು? ಅಷ್ಟರಲ್ಲಿ ನಾನು ಬಿದ್ದುಗಿದ್ದರೆ ನಿಮ್ಮ ಹೆಂಡತಿಗೆ ನೀವೇ ಉತ್ತರ ಹೇಳ್ಕೊಳ್ಳಿ."

"ಬೆಂಚಿನ ಮೇಲೆ ಕೂತೋರು ಹೇಗತ್ತೆ ಬೀಳ್ತಾರೆ?"

"ನನ್ನ ಗ್ರಹಚಾರ ನಿಮಗೇನು ಗೊತ್ತು? ಕೈ ಕೊಡಿ ಇಲ್ಲಿ."

ಕೊಟ್ಟ. ಅವನು ಅಗ್ನಿಶಾಮಕ ದಳದವನು. ಭಾರದ ಪೈಪನ್ನು ಹೆಗಲಿಗೇರಿಸಿ ಐದು ಮಹಡಿ ಹತ್ತಿದರೂ ಏದುಸಿರು ಬಿಡದಿದ್ದ ಆಸಾಮಿ. ಒಂದು ಕೆಟ್ಟ ಬೆಂಕಿ ಅನಾಹುತದ ನಂತರ ನಿದ್ದೆ ಹಾರಿಹೋಗಿ, ಡಾಕ್ಟರು ಬರೆದುಕೊಟ್ಟ ನಿದ್ದೆ ಮಾತ್ರೆಯೇ ವರ್ಷಗಟ್ಟಲೆ ಜೊತೆಗಾರನಾಗಿತ್ತು. ಡಾಕ್ಟರ ನಿಗಾದಲ್ಲೇ ಅದನ್ನು ಚೂರು ಚೂರಾಗಿ ಇಳಿಸಿ, ಪೂರ್ತಿ ಬಿಟ್ಟು ವರ್ಷ ಕಳೆದಿದೆ. ಮಾತ್ರೆ ಹೋಯಿತು, ಅದರ ರಗಳೆ ಹೋಗಲಿಲ್ಲ. ತುಸು ಹೆಚ್ಚು ದಣಿದರೂ ಎದೆ ಡವಗುಟ್ಟುತ್ತದೆ, ಕೈಕಾಲು ನಡುಗುತ್ತವೆ, ವಾರಗಟ್ಟಲೆ ಕಣ್ಣು ಮುಚ್ಚುವುದಿಲ್ಲ. "ಸರಿಹೋಗುತ್ತೆ, ಆದ್ರೆ ನಿಧಾನ. ಇನ್ನೂ ಆಗುತ್ತೆ ಅನ್ನಿಸುವಾಗಲೇ ನಿಲ್ಲಿಸಿಬಿಡಿ," ಎಂದಿದ್ದರು ಡಾಕ್ಟರು. ಅವನು ಕೇಳಬೇಕಲ್ಲ! ಹೋದ ತಿಂಗಳು ಅತ್ತೆ ನೆಂಟರ ಮನೆಗೆ ಹೋಗಿದ್ದೇ ಸಮಯ ಎಂದು ಓಡಿ, ಹಾಸಿಗೆ ಹಿಡಿದ. ಹೆಂಡತಿ ಬೈಯಲಿಲ್ಲ, ಪಕ್ಕದಲ್ಲಿ ಕೂತು ಅತ್ತಳು.

ಆದರೆ ಅವನ ಸಂಕಟ ಅವನಿಗೆ. ಮೆಟ್ಟಿಲು ಹತ್ತುವ ಪರೀಕ್ಷೆ ಪಾಸಾಗುವವರೆಗೂ ಫೈರ್ ಇಂಜಿನ್ ಹತ್ತುವಂತಿಲ್ಲ. ಫೋನಿನ ಮುಂದೆ ಕೂತು ಬೇರೆಯವರನ್ನು ಬೆಂಕಿಗೆ ಕಳಿಸಬೇಕು. ನಾಚಿಕೆಯಿಂದ ಸಾಯುವಂತಾಗುತ್ತಿತ್ತು. "ಅಮ್ಮನಿಗೆ ಮಂಡಿ ಆಪರೇಷನ್ ಆಗಿದೆ, ಒಬ್ಬರನ್ನೇ ಕಳಿಸೋಕೆ ಭಯ. ಸಂಜೆ ಜೊತೆಗೆ ಹೋಗಿ ಬರ್ತೀರಾ?" ಎಂದು ಹೆಂಡತಿ ಕೇಳಿದಾಗ, ಸದ್ಯ, ಯಾರಿಗೋ ಉಪಯೋಗಕ್ಕೆ ಬಂದೆನಲ್ಲ ಎಂದು ಒಪ್ಪಿಕೊಂಡಿದ್ದ.

ಹಿಂದಿನಿಂದ ಸೈಕಲ್ಲೊಂದು ಗಂಟೆ ಬಾರಿಸುತ್ತ ನುಗ್ಗಿ ಬಂತು. ಅತ್ತೆ ಅಳಿಯನ ರಟ್ಟೆ ಹಿಡಿದೆಳೆದು, ಪಕ್ಕದ ಕಟ್ಟೆಯ ಮೇಲಕ್ಕೆ ಒಂದೇ ನೆಗೆತಕ್ಕೆ ಹಾರಿದರು. ಹಾರಿದ ಮೇಲೆ ನೆನಪಾಯಿತು. "ಅಮ್ಮಾ!" ಎಂದು ಬಲ ಮಂಡಿಯನ್ನು ಒತ್ತಿ ಹಿಡಿದುಕೊಂಡರು.

ಆಪರೇಷನ್ ಆಗಿದ್ದು ಎಡ ಮಂಡಿಗೆ. ಆಸ್ಪತ್ರೆಯಿಂದ ಕರೆತರುವಾಗ ಆ ಕಾಲಿನ ಕೆಳಗೆ ದಿಂಬು ಇಟ್ಟವನೇ ಅವನು.

ಅವನ ಮೈಯೆಲ್ಲ ಉರಿದುಹೋಯಿತು. ಅಂದರೆ ಮಂಡಿ ಯಾವಾಗಲೋ ವಾಸಿಯಾಗಿದೆ! ತಾಯಿ ಮಗಳು ಸೇರಿ ನಾಟಕ ಆಡುತ್ತಿದ್ದಾರೆ! ಉರಿಯುವ ಮನೆಯಿಂದ ಜನರನ್ನು ಹೊತ್ತು ತಂದವನನ್ನು ಎಳೆಮಗುವಿನಂತೆ ಕೈಹಿಡಿದು ನಡೆಸುವುದೇ? ಇವತ್ತು ಮುಖಕ್ಕೆ ಹೊಡೆದಂತೆ ಹೇಳಿಯೇಬಿಡಬೇಕು ಎಂದು ಬಾಯಿ ತೆರೆದ.

ಅಷ್ಟರಲ್ಲಿ ಅತ್ತೆಯ ಹಳೆಯ ಗೆಳತಿಯರ ಗುಂಪು ಬಿರುಸಿನಿಂದ ನಡೆದು ಬಂತು. ಒಂದು ಕಾಲದಲ್ಲಿ ಅತ್ತೆ ಆ ಗುಂಪನ್ನು ಅರ್ಧ ಸುತ್ತು ಹಿಂದೆ ಬಿಟ್ಟು ಹೋಗುತ್ತಿದ್ದರು. ಪಾರ್ಕಿನಲ್ಲಿ ಅವರಿಗೆ 'ಎಕ್ಸ್‌ಪ್ರೆಸ್ಸು' ಎಂದೇ ಹೆಸರು. ಅದನ್ನು ಹೇಳಿಕೊಂಡು ಬೀಗುವುದೆಂದರೆ ಅವರಿಗೆ ಎಲ್ಲಿಲ್ಲದ ಖುಷಿ.

"ಏನ್ರೀ ಎಕ್ಸ್‌ಪ್ರೆಸ್ಸು, ಇನ್ನೂ ಕುಂಟೋದು ನಿಂತಿಲ್ವಾ? ನಮ್ಮ ಜೊತೆ ಬರೋದು ಇನ್ಯಾವಾಗ?" ಗುಂಪಿನಲ್ಲಿದ್ದ ದಪ್ಪ ಹೆಂಗಸು ಕೇಳಿದಳು.

"ಎಲ್ಲಿ ಬಂತು ತಾಯಿ, ನನ್ನ ಓಟ ಮುಗೀತು. ವಯಸ್ಸಾಯ್ತಲ್ಲ," ಎಂದರು ಅತ್ತೆ, ನಗುನಗುತ್ತ.

"ಪಾಪ," ಎಂದಿತು ಗುಂಪು, ಮತ್ತು ಮುಂದೆ ಹೋಯಿತು. ಅವರ ಬೆನ್ನನ್ನೇ ನೋಡುತ್ತಿದ್ದ ಅತ್ತೆಯ ಕಣ್ಣುಗಳು ತನ್ನವೇ ಅನ್ನಿಸಿತು ಅವನಿಗೆ. ಫೈರ್ ಇಂಜಿನ್ ಸ್ಟೇಷನ್ನಿನಿಂದ ಹೊರಬೀಳುವಾಗ ಕಿಟಕಿಯಲ್ಲಿ ನಿಂತು ಅವನೂ ಹಾಗೇ ನೋಡುತ್ತಾನೆ. ತೆರೆದ ಬಾಯಿ ಮುಚ್ಚಿದ. ಕೂತು, ಬಿಗಿ ಮಾಡಿದ್ದ ಲೇಸನ್ನು ಸಡಿಲ ಮಾಡಿದ.

"ಓಡಲ್ವಾ?" ಅತ್ತೆ ಅನುಮಾನದಿಂದ ಕೇಳಿದರು.

"ಇವತ್ತು ಬೇಡ. ನಿಧಾನಕ್ಕೆ ಹೋಗೋಣ ಬನ್ನಿ."

ಇಬ್ಬರೂ ಕಟ್ಟೆ ಇಳಿದರು. ಅತ್ತೆ ಬಲಗಾಲನ್ನು ಎಳೆಯುತ್ತ ಹೊರಟರು. ತಿರುವಿನಾಚೆ ಹೋಗಿದ್ದ ಗೆಳತಿಯರ ಗುಂಪು ಹಿಂತಿರುಗಿ ಎದುರಿಗೆ ಬರುವುದು ಕಾಣಿಸಿತು. ಅವನು ಅತ್ತೆಯ ಕಿವಿಯ ಬಳಿ ಬಗ್ಗಿದ.

"ಅತ್ತೆ, ಎಡಗಾಲು."

ಅತ್ತೆ ಅವನ ಮುಖ ನೋಡದೆ ಕಾಲು ಬದಲಾಯಿಸಿದರು.