ಸುಳ್ಳಿದ್ದರೆ ವಾಪಸ್

"ಈ ಕಂಪ್ಯೂಟರಿಗೆ ಕನ್ನಡ ಕಲಿಸಿದಾಕಿನ ನಾನು," ಎಂದು ರಾಣೆಬೆನ್ನೂರಿನ ತರಬೇತಿ ಕೇಂದ್ರಕ್ಕೆ ಕಾಲಿಟ್ಟ ದಿನವೇ ದ್ಯಾಮವ್ವ ಸಾರಿದ್ದಳು. ಅಂದು ನಗದೆ ಉಳಿದದ್ದು ಗೋಡೆಯ ಗಡಿಯಾರವೊಂದೇ.

ಈಗ ಆ ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷವಿತ್ತು. ಬೀಜದ ಗೋದಾಮಿನ ಕೆಲಸಕ್ಕೆ ಐದರೊಳಗೆ ಅರ್ಜಿ ಸೇರಬೇಕು. ಸುಳ್ಳು ಬರೆದ ಇ-ಮೇಲ್ ಕಳಿಸಿದವರಿಗೇ ಮರಳಿ ಬರುವುದು ಮಳೆ ಬಿಸಿಲಿನಷ್ಟೇ ಮಾಮೂಲಾಗಿದ್ದ ಕಾಲವದು. ದ್ಯಾಮವ್ವನ ಅರ್ಜಿ ಹನ್ನೊಂದನೆಯ ಸಲ ಬಂದು ಬಿದ್ದಿತ್ತು.

"ಈ ಸಲ ಏನ್ ಬರದೀರಿ, ದ್ಯಾಮಕ್ಕಾ?" ಎಂದಳು ಕಲಿಸುವ ಪರ್ವೀನ್.

"ದಿನಕ್ಕ ಸಾವಿರ ಚೀಲ ಎತ್ತತೇನಿ ಅಂತ. ಮೊದ್ಲ ಲಕ್ಷ ಇತ್ತು ಟೀಚರ್ರ, ಇಳಿಸೇನಿ."

"ಇನ್ನೂ ಇಳಸ್ರಿ."

ಈ ಕೆಲಸವನ್ನು ದ್ಯಾಮವ್ವ ಬಿಡುವವಳಲ್ಲ. ಸೆರಗು ಬಿಗಿದು ಒಂದೇ ಬೆರಳಿನಿಂದ ಕುಟ್ಟಿದಳು: "ಗೋದಾಮಿನ ಕೆಲಸ ನನಗೆ ಗೊತ್ತಿಲ್ಲ. ಬೀಜದ ಚೀಲ ಗೋಡೆಗೆ ತಾಗಬಾರದೆಂದು ಇವತ್ತು ಇಂಟರ್ನೆಟ್ಟಿನಲ್ಲಿ ಹುಡುಕಿ ತಿಳಿದೆ. ಹುಡುಕುವುದನ್ನೂ ಬರೆಯುವುದನ್ನೂ ನಾನೊಬ್ಬಳೇ ಕಲಿತೆ."

ಮೇಲ್ ಮರಳಿ ಬಂತು. ಪರ್ವೀನ್ ಕಿಟಕಿಯತ್ತ ನೋಡಿದಳು.

ಇನ್ನು ಎರಡೇ ನಿಮಿಷ. ದ್ಯಾಮವ್ವ ಕೊನೆಯ ಸಾಲು ಅಳಿಸಿ ಬರೆದಳು: "ಹುಡುಕುವುದನ್ನೂ ಬರೆಯುವುದನ್ನೂ ಪರ್ವೀನ್ ಟೀಚರ್ ಕಲಿಸಿದರು. ಒಂಬತ್ತು ದಿನ ನನ್ನ ಬಡಾಯಿಯನ್ನೂ ಸಹಿಸಿಕೊಂಡರು."

ಹೋದ ಮೇಲ್ ಈ ಸಲ ಮರಳಿ ಬರಲಿಲ್ಲ.